ಅರ್ಧ ಮುಖಕ್ಕೆ ದುಬಾರಿ, ಅರ್ಧ ಮುಖಕ್ಕೆ ಅಗ್ಗ

ಮುಖದ ಬಣ್ಣ ಒಂದೇ ಸಮ ಕಾಣಲು ಹಚ್ಚುವ ಫೌಂಡೇಶನ್ ಇದೆಯಲ್ಲ, ಅದರಲ್ಲಿ ದುಬಾರಿಯದನ್ನು ಕೊಂಡವರನ್ನು ಹೇಗಿದೆ ಅಂತ ಕೇಳಿ ನೋಡಿ. ಹೆಚ್ಚಿನವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅಷ್ಟು ದುಡ್ಡು ಸುರಿದ ಮೇಲೆ ಚೆನ್ನಾಗಿಲ್ಲ ಅನ್ನಲು ಬಾಯಿ ಬರಬೇಕಲ್ಲ! ಸುಳ್ಳು ಹೇಳುತ್ತಾರೆ ಅಂತಲ್ಲ. ಅವರ ಕಣ್ಣಿಗೆ ನಿಜವಾಗಿಯೂ ಹಾಗೇ ಕಾಣುತ್ತಿರುತ್ತದೆ. ಕೈಗೆ ಭಾರವಾಗಿ ಸಿಗುವ ಗಾಜಿನ ಸೀಸೆ, ಟಕ್ ಅಂತ ಕೂರುವ ಮುಚ್ಚಳ, ಒಂದೇ ಅಳತೆಗೆ ಹನಿ ಬಿಡುವ ಪಂಪ್. ಕನ್ನಡಿ ಮುಂದೆ ನಿಲ್ಲುವ ಮೊದಲೇ ಇವೆಲ್ಲ ಸೇರಿ ತೀರ್ಪು ಕೊಟ್ಟುಬಿಟ್ಟಿರುತ್ತವೆ.

ಇದು ಮೇಕಪ್‌ಗೆ ಮಾತ್ರ ಅಂಟಿದ ಕಾಯಿಲೆಯೂ ಅಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವೈನನ್ನು ಎರಡು ಬೆಲೆ ಹೇಳಿ ಜನರಿಗೆ ಕುಡಿಸಿದ ಪ್ರಯೋಗ ಪ್ರಕಟವಾಯಿತು. ಒಮ್ಮೆ 10 ಡಾಲರ್‌ದು ಅಂದರು, ಇನ್ನೊಮ್ಮೆ 90 ಡಾಲರ್‌ದು ಅಂದರು. ಜನಕ್ಕೆ 90ರದ್ದೇ ರುಚಿ ಅನಿಸಿತು. ಮಿದುಳಿನ ಸ್ಕ್ಯಾನ್‌ನಲ್ಲೂ ಖುಷಿಗೆ ಸಂಬಂಧಪಟ್ಟ ಭಾಗ ಆಗ ಜಾಸ್ತಿ ಚುರುಕಾಗಿತ್ತು. ಅಂದರೆ ಬೆಲೆ ಗೊತ್ತಿದ್ದರೆ ನಾಲಿಗೆಯನ್ನೇ ನಂಬುವಂತಿಲ್ಲ. ಇನ್ನು ಕನ್ನಡಿ ಮುಂದೆ ನಿಂತ ನನ್ನ ಕಣ್ಣನ್ನು ನಾನು ಹೇಗೆ ನಂಬಲಿ?

ಅದಕ್ಕೇ ಯಾವುದು ಯಾವುದು ಅಂತ ಗೊತ್ತಿಲ್ಲದ ಹಾಗೆ ಹಚ್ಚಿಸಿಕೊಂಡು ನೋಡಬೇಕು ಅಂತ ತೀರ್ಮಾನಿಸಿದೆ. ತಂಗಿ ಒಪ್ಪಿದಳು. ಅವಳಿಗೆ ನನ್ನ ಮುಖದ ಮೇಲೆ ಪ್ರಯೋಗ ಮಾಡುವುದು ಅಂದರೆ ಮೊದಲಿಂದಲೂ ಇಷ್ಟ.

ಹೋಲಿಸಲು ಎರಡನ್ನೂ ಒಂದೇ ಬಗೆಯಲ್ಲಿ ಆರಿಸಿದೆ. ಎರಡೂ ದ್ರವ, ಎರಡೂ 30 ಮಿಲಿಲೀಟರ್ ಸೀಸೆ, ಎರಡರ ಮೇಲೂ ದಿನವಿಡೀ ನಿಲ್ಲುತ್ತದೆ, ಹೊಳೆಯುವುದಿಲ್ಲ ಅಂತ ಬರೆದಿತ್ತು. ಒಂದು ಮಿರಮಿರ ಹೊಳೆಯುವಂಥದ್ದು, ಇನ್ನೊಂದು ಮ್ಯಾಟ್ ಆಗಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಆಗ ಬೆಲೆ ಬಿಟ್ಟು ರುಚಿಯ ವಿಷಯ ಆಗಿಬಿಡುತ್ತದೆ. ಬೆಲೆಯಲ್ಲಿ ಮಾತ್ರ ಒಂದು ಇನ್ನೊಂದರ ಆರು ಪಟ್ಟು. ನನ್ನ ಚರ್ಮದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಫಲಿತಾಂಶ ಅದರ ಮೇಲೆ ನಿಂತಿದೆ. ಹಣೆ, ಮೂಗು, ಗದ್ದ ಜಿಡ್ಡು. ಕೆನ್ನೆ ಸಾಧಾರಣ. ಹಳೆಯ ಮೊಡವೆ ಕಲೆಗಳು ಅಲ್ಲಲ್ಲಿ ಇವೆ.

ನಿಜ ಹೇಳಬೇಕೆಂದರೆ, ಹಚ್ಚುವ ಪರೀಕ್ಷೆಗಿಂತ ಶೇಡ್ ಹುಡುಕುವ ಕೆಲಸವೇ ನನಗೆ ಹೆಚ್ಚು ಕಲಿಸಿತು.

ಅಂಗಡಿಗೆ ಹೋದರೆ ಎಲ್ಲರೂ ಮೊದಲು ಕೈ ಚಾಚುತ್ತಾರೆ. ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆದು ನೋಡಿ ತಲೆ ಆಡಿಸುತ್ತಾರೆ. ಆದರೆ ಮಣಿಕಟ್ಟಿನ ಬಣ್ಣ ಮುಖದ ಬಣ್ಣ ಅಲ್ಲ. ಫೌಂಡೇಶನ್ ಹೊಂದಬೇಕಾದ್ದು ದವಡೆ ಮತ್ತು ಕುತ್ತಿಗೆ ಕೂಡುವ ಜಾಗದಲ್ಲಿ. ಅಲ್ಲಿ ಹೊಂದದಿದ್ದರೆ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಆಗುತ್ತದೆ. ಹಾಗಾಗಿ ಮೇಕಪ್ ಇಲ್ಲದ ಮುಖದಲ್ಲಿ ಹೋಗಿ, ಕೆನ್ನೆಯ ಕೆಳಭಾಗದಿಂದ ಕುತ್ತಿಗೆಯವರೆಗೆ, ಎರಡೂ ಫೌಂಡೇಶನ್ ಸೇರಿ, ಹತ್ತಿರ ಹತ್ತಿರದ ಮೂರು ಶೇಡ್‌ಗಳ ಗೆರೆ ಎಳೆಸಿಕೊಂಡೆ. ಯಾವ ಗೆರೆ ಕಣ್ಣಿಗೆ ಸಿಗದೆ ಕರಗಿಹೋಗುತ್ತದೋ ಅದೇ ನಮ್ಮ ಶೇಡ್.

ಕೌಂಟರ್‌ನಲ್ಲಿದ್ದ ಹುಡುಗಿ "ಮೇಡಂ, ಒಂದು ಶೇಡ್ ತಿಳಿಯಾಗಿ ತಗೊಳ್ಳಿ, ಫ್ರೆಶ್ ಆಗಿ ಕಾಣುತ್ತೆ" ಅಂದಳು. ಈ ಮಾತು ಕೇಳದ ಹೆಂಗಸು ಇದ್ದಾಳೆಯೇ? ನಾನು ನಕ್ಕು ಸುಮ್ಮನಾದೆ. ಮುಖಕ್ಕೆ ಬಣ್ಣ ಬಳಿಯಲು ಬಂದವಳಲ್ಲ ನಾನು, ಇರುವ ಬಣ್ಣಕ್ಕೆ ಹೊಂದುವುದನ್ನು ಹುಡುಕಲು ಬಂದವಳು.

ಅಂಗಡಿ ದೀಪದ ಕೆಳಗೆ ಮೂರೂ ಗೆರೆ ಚೆನ್ನಾಗಿಯೇ ಕಂಡವು. ಅಲ್ಲಿ ದೀಪ ಹಾಕಿರುವುದೇ ಅದಕ್ಕೆ. ಒಂದು ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಕೈಗನ್ನಡಿ ಹಿಡಿದು ಬಾಗಿಲಾಚೆ ಹಗಲು ಬೆಳಕಿಗೆ ಬಂದೆ. ಒಂದು ಗೆರೆ ಗುಲಾಬಿ, ಒಂದು ಕಿತ್ತಳೆ. ಮೂರನೆಯದು ಮಾತ್ರ ಪರವಾಗಿಲ್ಲ ಅನ್ನುವಂತಿತ್ತು.

ಅಲ್ಲೇ ಕೊಳ್ಳಲಿಲ್ಲ. ಗೆರೆಗಳನ್ನು ಒರೆಸದೆ ಹಾಗೇ ತಿರುಗಾಡಿದೆ. ಜನ ನೋಡಿದರು, ನೋಡಲಿ. ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಬಹಳಷ್ಟು ಫೌಂಡೇಶನ್‌ಗಳು ತುಸು ಗಾಢವಾಗುತ್ತವೆ. "ಆಕ್ಸಿಡೈಸ್ ಆಯ್ತು" ಅಂತ ಎಲ್ಲರೂ ಹೇಳುವುದು ಇದಕ್ಕೇ. ಆದರೆ ಫೌಂಡೇಶನ್‌ನಲ್ಲಿ ಬಣ್ಣ ಕೊಡುವ ಹಳದಿ, ಕೆಂಪು, ಕಪ್ಪು ಪುಡಿಗಳು ಐರನ್ ಆಕ್ಸೈಡ್‌ಗಳು. ಅವು ಮೊದಲೇ ಆಕ್ಸೈಡ್ ಆಗಿರುವಂಥವು. ಬಣ್ಣ ಬದಲಾಗುವುದಕ್ಕೆ ಮುಖ್ಯ ಕಾರಣ ಬೇರೆ. ನೀರು ಮತ್ತು ನುಣುಪಿಗೆ ಹಾಕುವ, ಬೇಗ ಆರುವ ಸಿಲಿಕೋನ್ ದ್ರವ ಹಾರಿಹೋಗಿ ಬಣ್ಣದ ಪುಡಿ ಒತ್ತೊತ್ತಾಗಿ ಉಳಿಯುತ್ತದೆ. ಆಮೇಲೆ ಚರ್ಮದ ಎಣ್ಣೆ ಆ ಪುಡಿಯನ್ನು ನೆನೆಸುತ್ತದೆ. ಒಣ ಮಣ್ಣಿಗೆ ಮಳೆ ಹನಿ ಬಿದ್ದರೆ ಕಪ್ಪಾಗಿ ಕಾಣುವುದಿಲ್ಲವೇ, ಹಾಗೆ. ಜಿಡ್ಡು ಚರ್ಮದವರಿಗೆ ಈ ಕಾಟ ಜಾಸ್ತಿ ಇರುವುದು ಇದರಿಂದಲೇ. ಒಳ್ಳೆಯ ಫಾರ್ಮುಲಾಗಳಲ್ಲಿ ಪುಡಿಯ ಕಣಗಳಿಗೆ ಸಿಲಿಕೋನ್ ಲೇಪನ ಕೊಟ್ಟು ಎಣ್ಣೆ, ನೀರು ಬೇಗ ತಾಗದ ಹಾಗೆ ಮಾಡಿರುತ್ತಾರೆ.

ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ದುಬಾರಿಯದರ ಗೆರೆ ಹೆಚ್ಚುಕಮ್ಮಿ ಹಾಗೇ ಇತ್ತು. ಅಗ್ಗದ್ದು ಕಿತ್ತಳೆಯ ಕಡೆ ವಾಲಿತ್ತು.

ಇಲ್ಲೊಂದು ತಮಾಷೆ ಇದೆ. ಭೂಮಿಯ ಮೇಲಿರುವ ಎಲ್ಲ ಚರ್ಮದ ಬಣ್ಣಗಳಿಗೂ ಫೌಂಡೇಶನ್ ಮಾಡಲು ಬೇಕಾಗುವುದು ಮುಖ್ಯವಾಗಿ ನಾಲ್ಕೇ ಪುಡಿ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಉಳಿದದ್ದಕ್ಕೆ ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್. ಇವು ಚಿನ್ನ ಬೆಳ್ಳಿಯಲ್ಲ. ಸಾಮಾನ್ಯ ವಸ್ತುಗಳು. ಹಾಗಿದ್ದರೆ ಅಗ್ಗದ ಸಾಲಿನಲ್ಲಿ ನನ್ನ ಶೇಡ್ ಯಾಕೆ ಇಲ್ಲ? ಪುಡಿಯ ಖರ್ಚಿನಿಂದಲ್ಲ. ಪ್ರತಿ ಶೇಡ್‌ನ್ನೂ ಬೇರೆಯಾಗಿ ಹದ ಮಾಡಬೇಕು, ಬೇರೆಯಾಗಿ ತಯಾರಿಸಬೇಕು, ಸೀಸೆಗೆ ತುಂಬಬೇಕು, ಅಂಗಡಿ ಶೆಲ್ಫಿನಲ್ಲಿ ಅದಕ್ಕೊಂದು ಜಾಗ ಕೊಡಬೇಕು. ಕಮ್ಮಿ ಲಾಭದ ಸಾಲಿನಲ್ಲಿ ಈ ತಾಪತ್ರಯ ಯಾರಿಗೂ ಬೇಡ. 2017ರಲ್ಲಿ ಫೆಂಟಿ ಬ್ಯೂಟಿ ಅನ್ನುವ ಮೇಕಪ್ ಬ್ರ್ಯಾಂಡ್ 40 ಶೇಡ್‌ಗಳನ್ನು ಒಟ್ಟಿಗೇ ಮಾರುಕಟ್ಟೆಗೆ ಬಿಟ್ಟಾಗ ಅಷ್ಟು ದೊಡ್ಡ ಸುದ್ದಿಯಾಗಿದ್ದೇ ಇದಕ್ಕೆ. ಆಮೇಲೆ ಉಳಿದವರೂ ಪಟ್ಟಿ ಉದ್ದ ಮಾಡಲು ಶುರು ಮಾಡಿದರು.

ಪಟ್ಟಿ ಉದ್ದವಾದರೂ ನನ್ನಂಥವರಿಗೆ ಕಷ್ಟ ತಪ್ಪಿಲ್ಲ. ನನ್ನದು ಆಲಿವ್ ಅಂಡರ್‌ಟೋನ್. ಅಂದರೆ ಚರ್ಮದ ಒಳಬಣ್ಣದಲ್ಲಿ ತುಸು ಹಸಿರು ಛಾಯೆ. ಕೆಂಪು ಪುಡಿ ಕಮ್ಮಿ, ಹಳದಿ ಮತ್ತು ಕಪ್ಪು ಜಾಸ್ತಿ ಇದ್ದರೆ ಮಾತ್ರ ಈ ಛಾಯೆ ಬರುತ್ತದೆ. ಅಗ್ಗದ ಸಾಲುಗಳಲ್ಲಿ ನನಗೆ ಸಿಗುತ್ತಿದ್ದುದು ಒಂದೋ ಗುಲಾಬಿ, ಇಲ್ಲವೇ ಕಿತ್ತಳೆ ಮಿಶ್ರಿತ ಹಳದಿ. ಮಣಿಕಟ್ಟಿನ ನರ ಹಸಿರಾ ನೀಲಿಯಾ ಅಂತ ನೋಡಿ ಅಂಡರ್‌ಟೋನ್ ಹೇಳುವ ವಿಧಾನ ಇದೆಯಲ್ಲ, ಅದರ ಮೇಲೆ ನನಗೆ ನಂಬಿಕೆ ಇಲ್ಲ. ನನ್ನ ಒಂದೇ ಕೈಯಲ್ಲಿ ಎರಡೂ ಬಣ್ಣದ ನರ ಕಾಣುತ್ತವೆ.

ಹೀಗೆ ಶೇಡ್‌ನ ಪಂದ್ಯವನ್ನು ದುಬಾರಿ ಸೀಸೆ ಹಚ್ಚುವ ಮೊದಲೇ ಗೆದ್ದಿತ್ತು. ಆದರೆ ಅದರಿಂದ ಒಂದು ತೊಂದರೆಯೂ ಆಯಿತು. ಬಣ್ಣ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಗುಟ್ಟಿನ ಪರೀಕ್ಷೆ ಅಲ್ಲಿಗೇ ಮುಗಿಯಿತು. ಅದಕ್ಕೆ ಅಗ್ಗದ್ದರಲ್ಲಿ ಅದೇ ಕಂಪನಿಯ, ಅದೇ ಸಾಲಿನ ಎರಡು ಶೇಡ್ ತಂದು ಬೆರೆಸಿದೆವು. ಅದೇ ಸಾಲಿನದು ಆಗಿರಬೇಕು ಅನ್ನುವುದು ಮುಖ್ಯ. ಒಂದು ನೀರಿನ ಬೇಸ್, ಇನ್ನೊಂದು ಸಿಲಿಕೋನ್ ಬೇಸ್ ಆದರೆ ಬೆರೆಸಿದ್ದು ಒಡೆದು ಕಾಳುಕಾಳಾಗಬಹುದು. ಆಮೇಲೂ ಕಿತ್ತಳೆ ಛಾಯೆ ಉಳಿಯಿತು. ಮೇಕಪ್ ಮಾಡುವವರು ಬಳಸುವ ನೀಲಿ ಮಿಕ್ಸರ್‌ನಿಂದ ಸೂಜಿಮೊನೆಯಷ್ಟು ಹಾಕಿದೆವು. ನೀಲಿ ಬಿದ್ದರೆ ಕಿತ್ತಳೆ ಇಳಿದು ಬಣ್ಣ ಆಲಿವ್ ಕಡೆ ಬರುತ್ತದೆ. ಒಂದು ಹನಿ ಜಾಸ್ತಿಯಾದರೆ ಮುಖ ಬೂದಿ. ತಂಗಿ ಗಂಟೆಗಟ್ಟಲೆ ಕೂತು ಹದ ಮಾಡಿದಳು. ಕೊನೆಗೆ ಎರಡೂ ಅಕ್ಕಪಕ್ಕ ಇಟ್ಟರೆ ನನಗೆ ಗುರುತು ಸಿಗದಷ್ಟು ಹತ್ತಿರ ಬಂತು.

ಅವಳು ಎರಡನ್ನೂ ಒಂದೇ ಥರದ ಚಿಕ್ಕ ಪಂಪ್ ಡಬ್ಬಿಗೆ ತುಂಬಿ ಅ, ಆ ಅಂತ ಚೀಟಿ ಅಂಟಿಸಿದಳು. ಯಾವ ಅಕ್ಷರ ಯಾವುದಕ್ಕೆ ಅನ್ನುವುದನ್ನು ಬರೆದು ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಉಳಿದದ್ದು ವಾಸನೆ. ಅಗ್ಗದ್ದಕ್ಕೆ ಸುಗಂಧ ಹಾಕಿದ್ದರು, ದುಬಾರಿಯದಕ್ಕೆ ಇರಲಿಲ್ಲ. ಅದಕ್ಕೂ ಉಪಾಯ ಮಾಡಿದೆವು. ಈಜುವವರು ಮೂಗಿಗೆ ಹಾಕುವ ಕ್ಲಿಪ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತೆ. ಅವಳು ಹಚ್ಚಿದಳು. ಮೂಗಿನ ಮೇಲೆ ಹಚ್ಚುವಾಗ ಕ್ಲಿಪ್ ತೆಗೆಯಲೇಬೇಕಲ್ಲ, ಆಗ ಉಸಿರು ಬಿಗಿಹಿಡಿದೆ. "ಅಕ್ಕಾ, ನಗಬೇಡ, ಗೆರೆ ಬೀಳುತ್ತೆ" ಅಂತ ಬೈಸಿಕೊಂಡೆ. ಸ್ವಲ್ಪ ಹೊತ್ತು ಫ್ಯಾನ್ ಮುಂದೆ ಕೂತರೆ ವಾಸನೆ ಹೋಗುತ್ತಿತ್ತು.

ಮುಖದ ಒಂದು ಭಾಗಕ್ಕೆ ಅ, ಇನ್ನೊಂದಕ್ಕೆ ಆ. ಮೂಗಿನ ನಡುವೆ ಗಡಿ. ಅವಳಿಗೆ ತೋಚಿದ ಹಾಗೆ ಎಡ ಬಲ ಬದಲಾಯಿಸುತ್ತಿದ್ದಳು. ಇದು ಬೇಕೇ ಬೇಕು. ಯಾರ ಮುಖದ ಎರಡು ಭಾಗವೂ ಒಂದೇ ಥರ ಇರುವುದಿಲ್ಲ. ಮಲಗುವಾಗ ದಿಂಬಿಗೆ ಒತ್ತುವ ಕೆನ್ನೆ, ಫೋನ್ ತಾಗುವ ಕೆನ್ನೆ, ಗಾಡಿ ಕಿಟಕಿಯ ಬಿಸಿಲು ಬೀಳುವ ಕೆನ್ನೆ ಬೇರೆ ಬೇರೆ. ಬದಲಾಯಿಸದಿದ್ದರೆ ಫೌಂಡೇಶನ್ ಬದಲು ಕೆನ್ನೆಯ ಪರೀಕ್ಷೆ ಆಗುತ್ತದೆ. ಕೆಳಗೆ ಹಚ್ಚುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಎರಡೂ ಕಡೆ ಅದೇ. ಸನ್‌ಸ್ಕ್ರೀನ್ ಚೆನ್ನಾಗಿ ಕೂತ ಮೇಲೇ ಫೌಂಡೇಶನ್, ಇಲ್ಲದಿದ್ದರೆ ಎಂಥದ್ದೇ ಆದರೂ ಉಜ್ಜಿದಾಗ ರಬ್ಬರ್ ಚೂರಿನ ಹಾಗೆ ಎದ್ದುಬರುತ್ತದೆ. ಫೌಂಡೇಶನ್‌ಗೆ ಮೊದಲು ಹಚ್ಚುವ ಪ್ರೈಮರ್, ಆಮೇಲೆ ಹಚ್ಚುವ ಪೌಡರ್ ಎರಡೂ ಬಿಟ್ಟೆ. ಅವು ಬಂದರೆ ಯಾವುದರ ಗುಣ ಯಾವುದರದ್ದು ಅಂತ ತಿಳಿಯುವುದಿಲ್ಲ. ಸ್ಪಾಂಜ್ ಕೂಡ ಬಿಟ್ಟೆ. ಅದು ಒಂದಷ್ಟು ಫೌಂಡೇಶನ್ ತಾನೇ ಕುಡಿಯುತ್ತದೆ. ಬೆರಳೇ ಸಾಕು. ಕಿವಿಯ ಹಿಂದೆ ಹಚ್ಚಿ ತುರಿಕೆ ಬರುತ್ತದೋ ನೋಡುವ ಕೆಲಸ ಮೊದಲೇ ಆಗಿತ್ತು, ಎರಡರಿಂದಲೂ ಏನೂ ಆಗಲಿಲ್ಲ.

ಮುಖಕ್ಕೆ ಮುಂಚೆ ಕಾಗದದ ಮೇಲೂ ಒಂದು ಪರೀಕ್ಷೆ ಮಾಡಿದೆ. ಪೇಂಟ್ ಲ್ಯಾಬ್‌ಗಳಲ್ಲಿ ಅರ್ಧ ಕಪ್ಪು, ಅರ್ಧ ಬಿಳಿ ಇರುವ ಕಾರ್ಡಿನ ಮೇಲೆ ಒಂದೇ ದಪ್ಪಕ್ಕೆ ಬಣ್ಣ ಎಳೆದು ಎಷ್ಟು ಮುಚ್ಚುತ್ತದೆ ಅಂತ ನೋಡುತ್ತಾರೆ. ಹೊಳಪು ಕಾಗದದಲ್ಲಿ ಅಂಥದ್ದೇ ಪ್ರಿಂಟ್ ತೆಗೆಸಿ, ಸಮನಾದ ಹನಿ ಇಟ್ಟು, ಸ್ಕೇಲ್‌ನಿಂದ ಎಳೆದೆ. ದುಬಾರಿಯದರ ಕೆಳಗೆ ಕಪ್ಪು ಬಿಳಿಯ ಗಡಿ ಮಸುಕಾಗಿ ಕಂಡಿತು. ಅಗ್ಗದ್ದರಲ್ಲಿ ಗಡಿ ಎದ್ದು ಕಂಡಿತು. ಅಂದರೆ ಅದೇ ಪ್ರಮಾಣದಲ್ಲಿ ದುಬಾರಿಯದು ಹೆಚ್ಚು ಮುಚ್ಚುತ್ತದೆ. ಈ ಸಂಗತಿ ಲೆಕ್ಕ ಹಾಕುವಾಗ ಮತ್ತೆ ಬರುತ್ತದೆ.

ಗುಟ್ಟಿನ ಪರೀಕ್ಷೆಗೆ ಮೊದಲು ಒಂದಷ್ಟು ದಿನ ಗೊತ್ತಿದ್ದೇ ಹಚ್ಚಿ ಡೈರಿ ಬರೆದಿದ್ದೆ. ದುಬಾರಿಯದರ ಬಗ್ಗೆ ನಾನು ಬರೆದದ್ದನ್ನು ಓದಿದರೆ ಜಾಹೀರಾತು ಬರೆಯುವವರು ಕೆಲಸ ಕೊಟ್ಟಾರು. ರೇಷ್ಮೆ, ಹಗುರ, ಮುಖದಲ್ಲಿ ಏನೂ ಇಲ್ಲ ಅನ್ನುವಂತಿದೆ, ಇತ್ಯಾದಿ. ಅಗ್ಗದ್ದರ ಬಗ್ಗೆ "ಪರವಾಗಿಲ್ಲ".

ಗೊತ್ತಿಲ್ಲದೆ ಹಚ್ಚಿಸಿಕೊಂಡಾಗ ಈ ರೇಷ್ಮೆಯೆಲ್ಲ ಎಲ್ಲಿ ಹೋಯಿತೋ! ಬೆಳಗ್ಗೆ ಹಚ್ಚಿದ ಕೂಡಲೇ ಯಾವ ಕಡೆ ದುಬಾರಿ ಅಂತ ಊಹಿಸಿ ಬರೆಯಬೇಕಿತ್ತು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ಹಗುರ ಅಂತ ನಾನು ಹೊಗಳಿದ ಕಡೆ ಎಷ್ಟೋ ಸಲ ಅಗ್ಗದ್ದು ಇತ್ತು. ಕಲೆ ಮುಚ್ಚಿದ್ದು, ಬಣ್ಣ ಕೂತದ್ದು, ಮುಟ್ಟಿದರೆ ಅನಿಸಿದ್ದು, ಯಾವುದರಲ್ಲೂ ವ್ಯತ್ಯಾಸ ಹೇಳಲಾಗಲಿಲ್ಲ. ಮುಚ್ಚುವ ಶಕ್ತಿಯಲ್ಲಿ ಇದ್ದ ವ್ಯತ್ಯಾಸವನ್ನು ತಂಗಿ ಒಂದು ಪಂಪ್ ಜಾಸ್ತಿ ಹಾಕಿ ಸರಿದೂಗಿಸುತ್ತಿದ್ದಳು. ಎದುರು ಕೂತು ಮಾತಾಡಿದ ಗೆಳತಿಯರಿಗಂತೂ ನನ್ನ ಮುಖದಲ್ಲಿ ಎರಡು ಫೌಂಡೇಶನ್ ಇದೆ ಅನ್ನುವುದೇ ತಿಳಿಯಲಿಲ್ಲ. ಒಬ್ಬಳು ಮಾತ್ರ "ನಿದ್ದೆ ಚೆನ್ನಾಗಿ ಆಯ್ತಾ, ಮುಖ ಕಳೆಯಾಗಿದೆ" ಅಂದಳು. ಯಾವ ಭಾಗ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ.

ಸಂಜೆಯ ಕಥೆ ಬೇರೆ. ಮಧ್ಯಾಹ್ನದವರೆಗೂ ಎರಡೂ ಸಮ ಸಮ. ಆಮೇಲೆ ಮೂಗಿನ ಪಕ್ಕದ ಮಡಿಕೆಯಲ್ಲಿ, ಬಾಯಿಯ ಅಂಚಿನಲ್ಲಿ, ಗದ್ದದ ಮೇಲೆ ವ್ಯತ್ಯಾಸ ಶುರುವಾಗುತ್ತಿತ್ತು. ಒಂದು ಕಡೆ ಪದರ ಒಡೆದು, ಬಣ್ಣ ಗುಡ್ಡೆ ಕಟ್ಟಿ, ನಡುವೆ ಚರ್ಮ ಬೋಳಾಗಿ ಕಾಣುತ್ತಿತ್ತು. ಇನ್ನೊಂದು ಕಡೆಯೂ ಮಾಸುತ್ತಿತ್ತು, ಆದರೆ ಒಂದೇ ಸಮ ತೆಳುವಾಗುತ್ತ ಮಾಸುತ್ತಿತ್ತು. ಎಲ್ಲಿ ಹೋಗಿದೆ, ಎಲ್ಲಿ ಉಳಿದಿದೆ ಅನ್ನುವುದು ಎದ್ದು ಕಾಣುತ್ತಿರಲಿಲ್ಲ. ಸಂಜೆ ಬರೆದ ಊಹೆಗಳು ಹೆಚ್ಚಿನವು ಸರಿ ಬಂದವು. ಒಡೆಯದೆ ಮಾಸುವ ಕಡೆ ದುಬಾರಿ. ಬಿಳಿ ಟಿಶ್ಯೂ ಒತ್ತಿ ನೋಡಿದರೂ ಅದೇ ಕಥೆ. ಜಿಡ್ಡು ಎರಡೂ ಕಡೆಯಿಂದ ಒಂದೇ ಥರ ಬಂತು, ಬಣ್ಣ ಮಾತ್ರ ಅಗ್ಗದ ಕಡೆಯಿಂದ ಜಾಸ್ತಿ ಬಂತು.

ಇದಕ್ಕೆ ಕಾರಣ ಹುಡುಕಲು ಸೀಸೆಯ ಹಿಂದಿನ ಪಟ್ಟಿ ಓದಿದೆ. ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಮ್ಮಿ ಇರುವುದನ್ನು ಹೇಗೆ ಬೇಕಾದರೂ ಜೋಡಿಸಬಹುದು. ಬಣ್ಣದ ಪುಡಿಗಳನ್ನು ಕೊನೆಗೆ ಬರೆಯುತ್ತಾರೆ. ಎರಡರಲ್ಲೂ ಮೊದಲ ಸಾಲು ಹೆಚ್ಚುಕಮ್ಮಿ ಒಂದೇ: ನೀರು, ಬೇಗ ಆರುವ ಸಿಲಿಕೋನ್, ಡೈಮೆಥಿಕೋನ್ ಅನ್ನುವ ಇನ್ನೊಂದು ಸಿಲಿಕೋನ್. ವ್ಯತ್ಯಾಸ ಅದರ ಮುಂದೆ. ದುಬಾರಿಯದರಲ್ಲಿ ಟ್ರೈಮಿಥೈಲ್‌ಸಿಲಾಕ್ಸಿಸಿಲಿಕೇಟ್ ಅನ್ನುವ, ಬಾಯಿಗೆ ಸಿಗದ ಹೆಸರಿನ ರೆಸಿನ್ ಮೇಲೇ ಇತ್ತು. ಸಿಲಿಕೋನ್ ಹಾರಿಹೋದ ಮೇಲೆ ಚರ್ಮದ ಮೇಲೆ ಗಟ್ಟಿ ಪದರ ಕಟ್ಟುವುದು ಇದೇ. ಎಣ್ಣೆಗೂ ನೀರಿಗೂ ಅದು ಬೇಗ ಬಗ್ಗುವುದಿಲ್ಲ. ಅಗ್ಗದ್ದರಲ್ಲಿ ಅದು ಇರಲಿಲ್ಲ. ಆದರೆ ನೆನಪಿಡಿ, ಇದು ದುಬಾರಿ ಸೀಸೆಗೆ ಮೀಸಲಾದ ವಸ್ತುವಲ್ಲ. ಮಧ್ಯಮ ಬೆಲೆಯ ಎಷ್ಟೋ ಫೌಂಡೇಶನ್‌ಗಳಲ್ಲೂ, ಒರೆಸಿದರೆ ಹೋಗದ ಲಿಪ್‌ಸ್ಟಿಕ್‌ಗಳಲ್ಲೂ ಇದೆ.

ಡಬ್ಬದ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಹೇಳಿದ್ದ ಹೂವಿನ ಸಾರ, ಚರ್ಮದ ತೇವಕ್ಕೆ ಹಾಕುವ ಹೈಲುರಾನಿಕ್ ಆಸಿಡ್ ಎಲ್ಲಿವೆ ಅಂತ ಹುಡುಕಿದೆ. ಫಿನಾಕ್ಸಿಎಥನಾಲ್‌ನ ಕೆಳಗಿದ್ದವು. ಅದು ಕೆಡದಂತೆ ಕಾಪಾಡಲು ಹಾಕುವ ವಸ್ತು. ಯುರೋಪಿನ ನಿಯಮದ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದರ ಕೆಳಗೆ ಬಂದದ್ದು ಅಂದರೆ ಶೇಕಡಾ 1ನ್ನೂ ಮುಟ್ಟದ ಪ್ರಮಾಣ. ಆ ಚಿಟಿಕೆಗೆ ಚರ್ಮ ತಿದ್ದುವ ಕೆಲಸ ವಹಿಸಿ ದುಡ್ಡು ಕೊಡಲು ನನಗೆ ಮನಸ್ಸಿಲ್ಲ. ಆ ಕೆಲಸಕ್ಕೆ ಬೇರೆ ಕ್ರೀಮ್ ಇದೆಯಲ್ಲ.

ಎಸ್‌ಪಿಎಫ್ ಕೂಡ ಹಾಗೇ. ದುಬಾರಿಯದರ ಮೇಲೆ ಎಸ್‌ಪಿಎಫ್, ಅಂದರೆ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಸಂಖ್ಯೆ, ಬರೆದಿತ್ತು. ಆ ಸಂಖ್ಯೆಯನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಫೌಂಡೇಶನ್ ಅಷ್ಟು ಬಳಿದುಕೊಂಡರೆ ಮುಖವಾಡ ಆಗುತ್ತದೆ. ಹಾಗಾಗಿ ಸನ್‌ಸ್ಕ್ರೀನ್ ಬೇರೆ ಬೇಕೇ ಬೇಕು. ಜೊತೆಗೆ ಒಂದು ಅಡ್ಡಿಯೂ ಉಂಟು. ರಾತ್ರಿ ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗ ದುಬಾರಿ ಕಡೆಯ ಕೆನ್ನೆ ಬೆಳ್ಳಗೆ ಬಂತು. ಬಿಸಿಲು ತಡೆಯಲು ಹಾಕುವ ಬಿಳಿ ಪುಡಿಗಳು ಫ್ಲ್ಯಾಶ್ ಬೆಳಕನ್ನು ತಿರುಗಿ ಎಸೆಯುತ್ತವೆ. ಸಮಾರಂಭಕ್ಕೆ ಅಂತಲೇ ಕೊಳ್ಳುವವರು ಇದನ್ನು ಮನೆಯಲ್ಲೇ ಒಮ್ಮೆ ಫ್ಲ್ಯಾಶ್ ಹಾಕಿ ನೋಡಿಕೊಳ್ಳುವುದು ಒಳ್ಳೆಯದು. ತೆಗೆಯುವಾಗಲೂ ದುಬಾರಿಯದು ಹಟಮಾರಿ. ಬರೀ ಫೇಸ್‌ವಾಶ್‌ಗೆ ಹೋಗಲಿಲ್ಲ, ಮೊದಲು ಕ್ಲೆನ್ಸಿಂಗ್ ಆಯಿಲ್ ಹಚ್ಚಿ ಕರಗಿಸಬೇಕಾಯಿತು.

ಇನ್ನು ಲೆಕ್ಕ. ಸೀಸೆಗಿಂತ ಒಂದು ಸಲ ಹಚ್ಚುವ ಖರ್ಚು ನೋಡಬೇಕು. ಗ್ರಾಂನ ನೂರನೇ ಭಾಗ ತೋರಿಸುವ ಚಿಕ್ಕ ತಕ್ಕಡಿಯ ಮೇಲೆ ಡಬ್ಬಿಯನ್ನು ಹಚ್ಚುವ ಮೊದಲು, ಹಚ್ಚಿದ ಮೇಲೆ ತೂಗುತ್ತಿದ್ದೆವು. ಒಂದೇ ಥರ ಮುಚ್ಚಬೇಕಾದರೆ ಅಗ್ಗದ್ದು ಸುಮಾರು ಒಂದೂವರೆ ಪಟ್ಟು ಬೇಕಾಗುತ್ತಿತ್ತು. ಕಪ್ಪು ಬಿಳಿ ಕಾಗದ ಹೇಳಿದ್ದೂ ಅದನ್ನೇ. ಹಾಗೆ ನೋಡಿದರೆ ಆರು ಪಟ್ಟು ಬೆಲೆ, ಒಂದು ಸಲದ ಖರ್ಚಿನಲ್ಲಿ ನಾಲ್ಕು ಪಟ್ಟಿಗೆ ಇಳಿಯುತ್ತದೆ. ಅಗ್ಗದ್ದರಲ್ಲಿ ಎರಡು ಶೇಡ್ ಮತ್ತು ನೀಲಿ ಮಿಕ್ಸರ್ ಕೊಳ್ಳಬೇಕಾಯಿತಲ್ಲ, ಅದನ್ನೂ ಸೇರಿಸಿದರೆ ಮೊದಲ ಖರ್ಚಿನ ಅಂತರ ಇನ್ನೂ ತಗ್ಗುತ್ತದೆ. ದಿನಾ ಬೆಳಗ್ಗೆ ಬೆರೆಸುವ ರಗಳೆಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಇಲ್ಲಿ ನನಗೆ ಹೊಳೆದ ಒಂದು ವಿಷಯ ಎಲ್ಲರ ಸಲಹೆಗೆ ಉಲ್ಟಾ ಇದೆ. "ದಿನಾ ಹಚ್ಚೋಕೆ ಅಗ್ಗದ್ದು ಸಾಕು, ವಿಶೇಷ ದಿನಕ್ಕೆ ಒಂದು ದುಬಾರಿದು ಇಟ್ಕೋ" ಅಂತ ಎಲ್ಲರೂ ಹೇಳುತ್ತಾರೆ. ಒಂದು ಸಲಕ್ಕೆ ಅರ್ಧ ಗ್ರಾಂ ಅಂದುಕೊಂಡರೆ 30 ಮಿಲಿಲೀಟರ್ ಸೀಸೆ ಸುಮಾರು 60 ಸಲಕ್ಕೆ ಬರುತ್ತದೆ. ಸೀಸೆಯ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 12 ಅಂತ ಇದ್ದರೆ ತೆರೆದ 12 ತಿಂಗಳೊಳಗೆ ಬಳಸಬೇಕು ಅಂತ ಅರ್ಥ. ತಿಂಗಳಿಗೆ ಎರಡು ಸಲ ಹಚ್ಚುವವರು ವರ್ಷಕ್ಕೆ 24 ಸಲ ಬಳಸಿ ಅರ್ಧಕ್ಕಿಂತ ಹೆಚ್ಚು ಎಸೆಯುತ್ತಾರೆ. ಅಥವಾ ಎಸೆಯಲು ಮನಸ್ಸು ಬರದೆ, ಬೇರೆಬೇರೆಯಾಗಿ ನಿಂತ ಹಳೇ ದ್ರವವನ್ನೇ ಕುಲುಕಿ ಹಚ್ಚುತ್ತಾರೆ. ದುಬಾರಿ ಸೀಸೆಯ ದುಡ್ಡು ವಸೂಲಾಗುವುದು ಏನಿದ್ದರೂ ದಿನಾ ಹಚ್ಚುವವರಿಗೆ. ವಿಶೇಷ ದಿನದವರಿಗೆ ಮಿನಿ ಸೈಜ್ ಸಿಕ್ಕರೆ ಅದೇ ಸರಿ, ಪ್ರತಿ ಮಿಲಿಲೀಟರಿಗೆ ಬೆಲೆ ಜಾಸ್ತಿ ಆದರೂ.

ನನ್ನ ಮಟ್ಟಿಗೆ ದುಬಾರಿ ಸೀಸೆ ಎರಡು ವಿಷಯಕ್ಕೆ ದುಡ್ಡು ದುಡಿಯಿತು: ಬೆರೆಸದೆ ಸಿಕ್ಕ ಶೇಡ್, ಮತ್ತು ಸಂಜೆ ಮೂಗಿನ ಪಕ್ಕ ಒಡೆಯದ ಪದರ. ಆರು ಪಟ್ಟಿಗೆ? ಇಲ್ಲ. ಎರಡು, ಹೆಚ್ಚೆಂದರೆ ಮೂರು ಪಟ್ಟು ಕೊಟ್ಟೇನು. ಆಲಿವ್ ಶೇಡ್ ಮತ್ತು ಆ ರೆಸಿನ್ ಎರಡೂ ಇರುವ ಮಧ್ಯಮ ಬೆಲೆಯದನ್ನು ಈಗ ಹುಡುಕುತ್ತಿದ್ದೇನೆ. ಹುಡುಕಿದರೆ ಸಿಗದೇ ಇರುವಂಥದ್ದೇನಲ್ಲ. ದೊಡ್ಡ ಕಂಪನಿಗಳ ಕೈಯಲ್ಲಿ ಎರಡೂ ತುದಿಯ ಬ್ರ್ಯಾಂಡ್‌ಗಳಿವೆ. ದುಬಾರಿ ಲ್ಯಾಂಕೋಮ್ ಲೋರಿಯಲ್ ಕಂಪನಿಯದೇ, ಅಗ್ಗದ ಮೇಬಲಿನ್ ಕೂಡ 1996ರಿಂದ ಲೋರಿಯಲ್‌ನದೇ.

ನನ್ನ ಫಲಿತಾಂಶ ಕಂಡು ತಂಗಿಯೂ ಅದೇ ಪರೀಕ್ಷೆಗೆ ಕೂತಳು. ಈ ಸಲ ಹಚ್ಚುವ ಸರದಿ ನನ್ನದು. ಅವಳದು ಒಣ ಚರ್ಮ. ಮಧ್ಯಾಹ್ನದ ಹೊತ್ತಿಗೇ ದುಬಾರಿ ಕಡೆಯ ಕೆನ್ನೆಯಲ್ಲಿ ಸಿಪ್ಪೆ ಎದ್ದು ಕಂಡಿತು, ನಕ್ಕಾಗ ಗೆರೆ ಬಿತ್ತು. ನನ್ನ ಜಿಡ್ಡಿಗೆ ವರವಾಗಿದ್ದ ಗಟ್ಟಿ ಪದರ ಅವಳ ಕೆನ್ನೆಗೆ ಬಿಗಿಯಾಯಿತು. ಅಗ್ಗದ ಕಡೆ ಸಂಜೆಯವರೆಗೂ ಮೆತ್ತಗೆ, ನುಣ್ಣಗೆ ಇತ್ತು. ಅವಳಿಗೆ ಆಲಿವ್ ಛಾಯೆಯೂ ಇಲ್ಲ. ಅಗ್ಗದ ಎರಡು ಶೇಡ್‌ಗಳಲ್ಲಿ ಒಂದು ಬೆರೆಸದೆಯೇ ಅವಳ ಕುತ್ತಿಗೆಗೆ ಹೊಂದಿತು. ಆ ಸೀಸೆಯನ್ನು ಅವಳು ತನ್ನ ಬ್ಯಾಗಿಗೆ ಹಾಕಿಕೊಂಡಳು. ಇನ್ನೊಂದು ಇಬ್ಬರಿಗೂ ಆಗುವುದಿಲ್ಲ, ಯಾರಿಗೆ ಹೊಂದುತ್ತದೋ ಅವರಿಗೆ ಕೊಡಬೇಕು.